ಕಪ್ಪಾದ ಕರಡಿಗೆ

ಹೆಣ ಸಿಕ್ಕಿದ್ದು ದೂಜನ ಬಲೆಯಲ್ಲಿ.

ಕಾಂದಿವಲಿ ಪೂರ್ವದಲ್ಲಿ, ಇಂಡಸ್ಟ್ರಿಯಲ್ ಎಸ್ಟೇಟಿನ ಬೆನ್ನಿಗೆ ಅಂಟಿಕೊಂಡು ಒಂದು ಕೆರೆ. ಭೋಕರ್ ತಲಾವ್. ಅಲ್ಲಿ ಮೀನು ಹಿಡಿಯುವ ಗುತ್ತಿಗೆ ದೂಜನದು. ಶುಕ್ರವಾರ ಬೆಳಗ್ಗೆ ಬಲೆ ಎಳೆದ. ಭಾರವಾಗಿತ್ತು. ಖುಷಿಪಟ್ಟ. ಆಮೇಲೆ ಬಲೆಯೊಳಗೆ ಒಂದು ಕೈ ಕಾಣಿಸಿತು.

ಸಬ್ ಇನ್‌ಸ್ಪೆಕ್ಟರ್ ತಿರುಮಲೇಶ ಜೀಪಿನಿಂದ ಇಳಿಯುವ ಮೊದಲೇ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡ. ೧೯೮೭ರ ಅಕ್ಟೋಬರ್. ಗಣಪತಿ ಮುಳುಗಿಸಿ ತಿಂಗಳಾಗಿತ್ತು. ಪ್ಲಾಸ್ಟರಿನ ಕೈ, ಕಿವಿಗಳು ಇನ್ನೂ ದಡದಲ್ಲಿ ಬಿದ್ದಿದ್ದವು. ನೀರಿನ ಮೇಲೆ ಹಸಿರು ಕೆನೆ. ಕೆನೆಯಲ್ಲಿ ಹೊಟ್ಟೆ ಮೇಲಾದ ಮೀನುಗಳು. ಸ್ವಲ್ಪ ದೂರದಲ್ಲೇ ಇಬ್ಬರು ಹೆಂಗಸರು ಅದೇ ನೀರಿನಲ್ಲಿ ಪಾತ್ರೆ ಉಜ್ಜುತ್ತಿದ್ದರು. ದಡದ ಮೇಲೆ ಸಾಲುಮನೆಗಳ ಚಾಳಿನವರು ಕುಡಿಯುವ ನೀರಿನ ಬಾವಿ.

ದೂಜ ಬೀಡಿ ಹಚ್ಚಿ ಕಲ್ಲಿನ ಮೇಲೆ ಕೂತಿದ್ದ.

"ಗುರುತು ಉಂಟಾ?" ತಿರುಮಲೇಶ ಕೇಳಿದ.

"ಗುರುತಿಲ್ಲದೆ ಎಂಥದು ಸಾರ್. ಕಾಶಪ್ಪ. ಸರಕಾರಿ ಲ್ಯಾಬಿನವ. ವಾರ ವಾರ ಬಂದು ಬಾಟ್ಲಿಯಲ್ಲಿ ನೀರು ಕೊಂಡುಹೋಗುವವ."

"ನಿನಗೂ ಅವನಿಗೂ ಜಗಳ ಆಗಿತ್ತಂತೆ." ಹವಾಲ್ದಾರ್ ಸಾವಂತ್ ಮೊದಲೇ ಬಂದು ವಿಚಾರಿಸಿದ್ದ.

"ಯಾರು ಹೇಳಿದ್ದು? ಸಾವಂತ್‌ರಾ? ಹೌದು, ಬೈದಿದ್ದೇನೆ. ಇಷ್ಟು ಬಾಟ್ಲಿ ಹೊತ್ತೆಯಲ್ಲ ಮಾರಾಯ, ನನ್ನ ಮೀನು ಬದುಕಿತಾ ಅಂತ ಕೇಳಿದ್ದೇನೆ. ಅದಕ್ಕೆ ಕೊಲ್ಲುವುದುಂಟಾ?"

ಸಾವಂತ್ ದಡದ ಕಲ್ಲು ತೋರಿಸಿದ. ಕಲ್ಲಿನ ಮೇಲೆ ಒಂದು ಜೊತೆ ಚಪ್ಪಲಿ, ಜೋಡಿಸಿಟ್ಟಂತೆ. ಪಕ್ಕದಲ್ಲಿ ದೇಶಿ ದಾರುವಿನ ಬಾಟ್ಲಿ, ಮುಕ್ಕಾಲು ಖಾಲಿ.

"ಪಿಯಾ, ಗಿರಾ, ಮರಾ," ಎಂದ ಸಾವಂತ್. ಕುಡಿದ, ಬಿದ್ದ, ಸತ್ತ. "ಕೇಸ್ ಖತಮ್ ಸಾಬ್."

ತಿರುಮಲೇಶ ಚಪ್ಪಲಿ ಎತ್ತಿ ನೋಡಿದ. ಕಲ್ಲಿನವರೆಗೆ ಬರಲು ಕಣಕಾಲು ಮುಳುಗುವ ಕೆಸರು ದಾಟಬೇಕು. ತನ್ನ ಬೂಟಿಗೆ ಆ ಕಪ್ಪು ಲೋಳೆ ಹತ್ತಿತ್ತು. ಚಪ್ಪಲಿಯ ಅಡಿ ಸ್ವಚ್ಛ.

ತೊಳೆದುಕೊಂಡಿರಬಹುದು ಎಂದುಕೊಂಡ. ಕುಡಿದವನು ಚಪ್ಪಲಿ ತೊಳೆಯುತ್ತಾನೆಯೇ ಎಂದೂ ಅಂದುಕೊಂಡ. ಅವನ ಸ್ವಭಾವವೇ ಅದು. ಬೀಗ ಹಾಕಿ ಹೋದವನು ತಿರುಗಿ ಬಂದು ಎಳೆದು ನೋಡುತ್ತಾನೆ. ಠಾಣೆಯಲ್ಲಿ ಅದಕ್ಕೆ ನಗುತ್ತಾರೆ.

ಹೆಣದ ಕೊರಳಲ್ಲಿ ದಾರಕ್ಕೆ ಕಟ್ಟಿದ ಲಿಂಗದ ಕರಡಿಗೆ. ಕಡು ಕಪ್ಪು. ಸೀಸದ್ದೋ ತಗಡಿನದ್ದೋ ಇರಬೇಕು, ಬಡವ ಪಾಪ, ಎಂದುಕೊಂಡು ತಿರುಮಲೇಶ ಮುಂದೆ ಹೋದ.

* * *

ಕಾಶಪ್ಪನ ಮನೆ ಕೆರೆಯ ಆಚೆಯ ಚಾಳಿನಲ್ಲಿ. ಹೆಂಡತಿ ಗಂಗುಬಾಯಿ ಗೋಡೆಗೊರಗಿ ಕೂತಿದ್ದಳು. ಅಳು ಮುಗಿದ ಮುಖ. ಅವಳ ಅಣ್ಣ ಶೆಟ್ಟೆಪ್ಪ ಎಲ್ಲ ಓಡಾಟವನ್ನೂ ಮೈಮೇಲೆ ಹಾಕಿಕೊಂಡಿದ್ದ. ಬಂದವರಿಗೆ ಚಹಾ ಹೇಳುತ್ತಿದ್ದ. ಬಿಳಿ ಅಂಗಿ, ಹಣೆ ತುಂಬ ವಿಭೂತಿ. ವಿಜಾಪುರದ ಕಡೆಯವರು. ಇದೇ ಎಸ್ಟೇಟಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಶೆಡ್ ಅವನದು.

"ಕುಡುದು ಬಿದ್ದಾನ ಅಂತಾರ ಸಾಹೇಬ್ರ," ಎಂದಳು ಗಂಗುಬಾಯಿ. "ಚಾಳಿನ ಮಂದಿ ನನ್ನ ಮುಂದ ಅಂತಾರ. ಅವ್ರು ಚಹಾನೂ ಅರ್ಧಾ ಕಪ್ಪ ಕುಡೀತಿದ್ರು."

"ಗಂಗೂ, ಸುಮ್ಮನಿರು," ಎಂದ ಶೆಟ್ಟೆಪ್ಪ. "ಹೊರಗ ಹ್ವಾದ ಗಂಡಸರು ಏನ್ ಮಾಡ್ತಾರ ಮನ್ಯಾಗ ತಿಳೀತದೇನು?"

"ನನಗ ತಿಳೀತದ ಅಣ್ಣ."

"ಕೊನೆಗೆ ಯಾವಾಗ ನೋಡಿದ್ದು?" ತಿರುಮಲೇಶ ಕೇಳಿದ.

"ನಿನ್ನೆ ಮಧ್ಯಾನ್ನ. ಡ್ಯೂಟಿ ಮುಗಿಸಿ ಬಂದು ಉಂಡ್ರು. ಕೆರಿ ಮೂಲ್ಯಾಗ ಒಂದ್ ಕೆಲಸ ಐತಿ ಅಂತ ಹ್ವಾದ್ರು. ಬರಲಿಲ್ಲ." ಅವಳು ತಲೆಯೆತ್ತಿದಳು. "ನೀವು ಕುಡುಕ ಅಂತ ಬರ್ದ್ರ ಅದ ಉಳೀತದರಿ. ಅವ್ರ ಹೆಸರಿಗೆ ಅದೊಂದ ಉಳೀತದ."

ತಿರುಮಲೇಶ ಪೆನ್ನನ್ನು ಜೇಬಿಗೆ ಹಾಕಿಕೊಂಡ. ಶೆಟ್ಟೆಪ್ಪನ ಕಡೆ ತಿರುಗಿದ. "ನೀವು?"

"ನಾ ಈಗೀಗ ನೋಡೇ ಇಲ್ರಿ. ದಸರಾಕ್ಕ ಬನ್ನಿ ಕೊಡಾಕ ಬಂದಾಗ ನೋಡಿದ್ದು, ಅಷ್ಟ." ಅವನು ದನಿ ತಗ್ಗಿಸಿದ. "ಆ ಮೂಲ್ಯಾಗ ಏನ್ ಕೆಲಸ ಅಂತ ನಾ ತೋರಿಸ್ತೀನಿ. ಬರ್ರಿ."

* * *

ಎಸ್ಟೇಟಿನ ರಸ್ತೆಯಲ್ಲಿ ಶೆಟ್ಟೆಪ್ಪ ಎತ್ತರದ ಚಿಮಣಿಯತ್ತ ಕೈ ಮಾಡಿದ. ಒಂದು ದೊಡ್ಡ ಕೆಮಿಕಲ್ ಕಂಪನಿ. ಗೇಟಿನಲ್ಲಿ ಗೂರ್ಖಾ.

"ಕೆರಿ ಕೆಡಿಸಿದವ್ರು ಇವ್ರ ನೋಡ್ರಿ. ನಮ್ಮ ಕಾಶಪ್ಪ ಇವ್ರ ಬೆನ್ನ ಹತ್ತಿದ್ದ. ದೊಡ್ಡವ್ರು. ಏನರ ಮಾಡಿರಬೇಕು. ಇಲ್ಲಾ ಆ ಮೀನಿನ ದೂಜ."

"ಕುಡಿದು ಬಿದ್ದ ಅನ್ನೋ ಹಾಗೆ ಮಾತಾಡಿದಿರಿ ಆಗ."

"ತಂಗಿ ಮುಂದ ಹಂಗ ಅಂದ್ನಿರಿ. ಕೊಲೆ ಅಂತ ಅವಳ ಮುಂದ ಹೆಂಗ ಹೇಳ್ಲಿ?"

ಶೆಟ್ಟೆಪ್ಪನ ಶೆಡ್ಡು ಚಿಮಣಿಯ ಹಿಂದಿನ ಸಾಲಿನಲ್ಲಿತ್ತು. ತಂತಿಗಳ ಮೇಲೆ ಪಾಪ್ಲಿನ್ ಬಟ್ಟೆ ಒಣಗುತ್ತಿತ್ತು. ಒಂದು ಬದಿಯ ತಂತಿಗಳಲ್ಲಿ ಬಿಳಿ, ಇನ್ನೊಂದು ಬದಿಯಲ್ಲಿ ಕಪ್ಪು. ಬಾಗಿಲ ಬಳಿ ಬಟ್ಟೆ ಗಂಟು ಸಾಗಿಸುವ ಕೈಗಾಡಿ. ತೊಟ್ಟಿಗಳಲ್ಲಿ ಕೊಳೆತ ಮೊಟ್ಟೆಯ ವಾಸನೆ. ತಿರುಮಲೇಶ ಕೆಮ್ಮಿದ. ಶೆಟ್ಟೆಪ್ಪ ಮೂಲೆಯ ಕ್ಯಾನಿನಿಂದ ಒಂದು ಲೋಟ ನೀರು ತಂದ.

"ಕುಡೀರಿ. ಇದು ಬಾವಿ ನೀರಲ್ರಿ. ದಿನಾ ಸ್ಟೇಶನ್ ಕಡಿಂದ ತರಿಸ್ತೀನಿ."

"ಇಲ್ಲಿ ವಾಸನೆ ಏನಿದು?"

"ಕರೀ ಬಣ್ಣದ್ದು. ಗಂಧಕದ್ದಿರ್ತದ. ಅದಕ್ಕ ಆಸಿಡ್ ಕೂಡಿದ್ರ ಭಾಳ ಕೆಟ್ಟದು. ನಾ ಹುಷಾರ್ ಮನಷ್ಯಾರಿ. ಆಸಿಡ್ ಬಿಡೋ ಮುಂದ ಹೊಲಸ ನೀರಿನ ಗುಂಡಿ ಹತ್ರ ನಾಯಿನೂ ನಿಲ್ಲಗೊಡಂಗಿಲ್ಲ. ನಮ್ಮಲ್ಲಿ ಒಬ್ಬ ಆಳಿಗೂ ಏನೂ ಆಗಿಲ್ಲ ಈವರೆಗೆ." ಎದೆಯ ಮೇಲಿನ ಕರಡಿಗೆಯನ್ನು ಅಂಗಿಯ ಮೇಲಿಂದ ಮುಟ್ಟಿಕೊಂಡ. "ಶಿವನ ಕೃಪಾ."

"ಗುಂಡಿಯ ನೀರು ಎಲ್ಲಿಗೆ ಹೋಗುತ್ತೆ?"

"ಟ್ಯಾಂಕರ್ ಬಂದು ಒಯ್ತದರಿ."

ಹೊರಡುವಾಗ ಶೆಟ್ಟೆಪ್ಪ ಒಂದು ಮಾತು ಹೇಳಿದ. "ಆಸ್ಪತ್ರ್ಯಾಗ ಕರಡಗಿ ತಗೀಬ್ಯಾಡ್ರಿ ಅಂತ ಹೇಳ್ರಿ ಸಾಹೇಬ್ರ. ಮೈಮ್ಯಾಲಿನ ಲಿಂಗ ತಗೀಬಾರದು. ಅದರ ಜೋಡಿನೇ ಅಂವನ ಮಣ್ಣಾಗಬೇಕು."

ತಿರುಮಲೇಶನಿಗೆ ಅದು ಸಹಜ ಅನಿಸಿತು.

* * *

ಆದರೆ ಆಸ್ಪತ್ರೆಯವರು ಆಗಲೇ ತೆಗೆದಿದ್ದರು. ಡಾಕ್ಟರು ಅವಸರದಲ್ಲಿದ್ದರು. ಹೊಟ್ಟೆಯ ಭಾಗಗಳನ್ನು ಪರೀಕ್ಷೆಗೆ ಕಳಿಸಿದ್ದೇವೆ, ವರದಿಗೆ ತಿಂಗಳುಗಟ್ಟಲೆ ಆಗುತ್ತದೆ, ಸದ್ಯಕ್ಕೆ ಮುಳುಗಿದ ಸಾವು ಅಂತ ಬರೆದುಕೊಳ್ಳಿ ಎಂದರು. ಸಂಜೆ ತಿರುಮಲೇಶ ಕರಡಿಗೆಯನ್ನು ಕರವಸ್ತ್ರದಲ್ಲಿ ಕಟ್ಟಿ ಗಂಗುಬಾಯಿಗೆ ಕೊಡಲು ಹೋದ. ಶೆಟ್ಟೆಪ್ಪ ರುದ್ರಭೂಮಿಯ ಏರ್ಪಾಟಿಗೆ ಹೋಗಿದ್ದ. ನೆರೆಮನೆಯ ಹಾಲವ್ವ ಒಬ್ಬಳೇ ಅವಳ ಜೊತೆ ಇದ್ದಳು.

ಗಂಗುಬಾಯಿ ಗಂಟು ಬಿಚ್ಚಿದಳು. ನೋಡಿದಳು. ತಿರುಗಿ ಕೊಟ್ಟಳು.

"ಇದು ನಮ್ಮದಲ್ರಿ. ನಮ್ಮನಿಯವ್ರದು ಬೆಳ್ಳೀದು."

"ಇವರ ಕೊರಳಲ್ಲೇ ಇತ್ತಮ್ಮ."

ಅವಳು ಮತ್ತೆ ತೆಗೆದುಕೊಂಡಳು. ತಳದಲ್ಲಿ ಒಂದು ನೆಗ್ಗು. ಬೆರಳಿಟ್ಟು ನೋಡಿದಳು.

"ನೆಗ್ಗು ನಮ್ಮದ. ಕಲ್ಲಿನ ಮ್ಯಾಲೆ ಬಿದ್ದಿತ್ತು." ಕರಡಿಗೆಯನ್ನು ಬೆಳಕಿಗೆ ಹಿಡಿದಳು. "ಸೋಮಾರ ನಾನ ವಿಭೂತಿ ಹಚ್ಚಿ ತಿಕ್ಕೀನಿ. ಕನ್ನಡಿ ಆಗಿತ್ತು. ಹಿಂಗ್ಯಾಕ ಕರ್ರಗಾತು?"

"ಯಾರೋ ತಿಕ್ಕಿದಂಗೂ ಐತೆವ್ವಾ," ಎಂದಳು ಹಾಲವ್ವ, ಬಗ್ಗಿ ನೋಡಿ. "ಉಬ್ಬಿನ ಮ್ಯಾಲೆ ಬೆಳ್ಳಗ ಬಿಟ್ಟದ. ಸಂದ್ಯಾಗ ಹೋಗಿಲ್ಲ."

ಗಂಗುಬಾಯಿ ಮುಚ್ಚಳ ತಿರುಗಿಸಿದಳು. ಒಳಗೆ ಲಿಂಗ. ಸುತ್ತ ಬಿಳಿ ಬಟ್ಟೆ. ಬಟ್ಟೆಗೆ ದಪ್ಪಗೆ ಮೆತ್ತಿದ ವಿಭೂತಿ, ಒದ್ದೆಯಾಗಿ ಮುದ್ದೆಯಾಗಿತ್ತು. ಅವಳ ಕೈ ಅಲ್ಲೇ ನಿಂತಿತು.

"ಈ ಅರಿವಿ ನಂದಲ್ಲ."

"ಅಂದರೆ?"

"ನನ್ನ ಮದವಿ ಸೀರಿ ಸೆರಗು ಹರದು ಸುತ್ತಿದ್ದೆ. ಇಳಕಲ್ ಸೀರಿ, ಕೆಂಪಂದು. ಇದು ಹೊಸಾದು. ನೋಡ್ರಿ, ಇನ್ನೂ ಗಂಜಿನೂ ಬಿಟ್ಟಿಲ್ಲ." ಕರಡಿಗೆಯ ದಾರ ಎಳೆದಳು. "ಈ ಗಂಟೂ ನಾ ಹಾಕಿದ್ದಲ್ಲ."

"ಬೇರೆ ಯಾರಾದರೂ ಮುಟ್ಟುತ್ತಾರಾ ಇದನ್ನ?"

ಅವಳು ಅವನನ್ನು ಏನೂ ತಿಳಿಯದವನಂತೆ ನೋಡಿದಳು. "ಮನಿ ಮಂದಿ ಬಿಟ್ರ ಒಬ್ಬರ ಲಿಂಗ ಇನ್ನೊಬ್ಬರು ಮುಟ್ಟಂಗಿಲ್ರಿ. ಬ್ಯಾರೆ ಮಂದಿ ಆದ್ರ ಯಾಕ ಬಿಚ್ಚತಾರ? ಬೆಳ್ಳಿ ಅಂತ ಕದೀಬೇಕು, ಅಷ್ಟ."

"ಈ ಬಟ್ಟೆ ವಿಷಯ ಯಾರಿಗೂ ಹೇಳಬೇಡಿ. ನಿಮ್ಮ ಕಡೆಯವರಿಗೂ."

ಮೆಟ್ಟಿಲು ಇಳಿಯುವಾಗ ತಿರುಮಲೇಶನಿಗೆ ನೆನಪಾಯಿತು. ಬೆಳಗ್ಗೆ ಅವನು ಕರಡಿಗೆಯನ್ನು ನೋಡಿದ್ದ. ಸೀಸ ಅಂದುಕೊಂಡು ದಾಟಿ ಹೋಗಿದ್ದ.

* * *

ನೀರು ಪರೀಕ್ಷೆಯ ಕಚೇರಿಯಲ್ಲಿ ಕೆಮಿಸ್ಟ್ ರಮಾಮಣಿ ಬಾಗಿಲು ಹಾಕುವುದರಲ್ಲಿದ್ದರು. ಮೈಸೂರಿನವರು. ತಿರುಮಲೇಶನ ಕನ್ನಡ ಕೇಳಿ ನಿಂತರು.

"ಭೋಕರ್ ತಲಾವಿನ ನೀರು ಹೇಗಿದೆ ಮೇಡಂ?"

"ನಮ್ಮ ಲೆಕ್ಕದಲ್ಲಿ ಪಾಸು."

"ಪಾಸಾ? ಅಲ್ಲಿ ಉಸಿರಾಡಕ್ಕಾಗಲ್ಲ."

ರಮಾಮಣಿ ಮುಖ ಸಣ್ಣ ಮಾಡಿಕೊಂಡರು. "ದೇವಸ್ಥಾನದ ಮೆಟ್ಟಿಲ ಹತ್ತಿರ, ಬೆಳಗ್ಗೆ, ಅಲ್ಲೇ ತುಂಬಬೇಕು ಅಂತ ನಿಯಮ. ಅಲ್ಲಿ ಪರವಾಗಿಲ್ಲ. ಕಾಶಪ್ಪ ಎಸ್ಟೇಟಿನ ಕಡೆ ಮೂಲೆಯ ನೀರು ತಂದಿದ್ದರು. ನಿಗದಿಯ ಜಾಗ ಅಲ್ಲ ಅಂತ ವಾಪಸ್ ಕಳಿಸಿದೆ. ಹಾಗಾದರೆ ಈ ಹೊಲಸು ಎಲ್ಲಿಂದ ಬರುತ್ತೆ ಅಂತ ನಾನೇ ನೋಡ್ಕೊಂಡು ಬರ್ತೀನಿ ಅಂದರು."

ತಿರುಮಲೇಶ ಕೇಳಿದ. "ಬೆಳ್ಳಿ ಒಂದೇ ದಿನದಲ್ಲಿ ಪೂರಾ ಕಪ್ಪಾಗುತ್ತಾ?"

"ಸಲ್ಫೈಡ್ ಇದ್ದರೆ ದಿನ ಯಾಕೆ, ನೋಡ್ತಾ ಇದ್ದ ಹಾಗೆ ಆಗುತ್ತೆ. ಕಪ್ಪು ಡೈಯಲ್ಲಿ ಇರುತ್ತಲ್ಲ, ಅದು. ಆಸಿಡ್ ಬೆರೆತರೆ ಗ್ಯಾಸ್ ಬರುತ್ತೆ. ಮುಚ್ಚಿದ ಗುಂಡಿಯಲ್ಲಿ ಒಂದೆರಡು ಉಸಿರು ಸಾಕು."

"ಕೆರೆ ನೀರಿಗೇ ಹಾಗಾಗಲ್ವಾ?"

"ಹೊಲಸು ನೀರಿಗೆ ಮಂಕಾಗಬಹುದು. ನೋಡದೆ ಹೇಳಕ್ಕಾಗಲ್ಲ."

ನೋಡದೆ ನಂಬುವವನೂ ಅವನಲ್ಲ. ಅವನ ಬೆರಳಲ್ಲಿ ಅಮ್ಮ ಕೊಟ್ಟ ಬೆಳ್ಳಿ ಉಂಗುರ ಇತ್ತು. ಅದನ್ನು ದಾರಕ್ಕೆ ಕಟ್ಟಿ, ಹೆಣ ಸಿಕ್ಕಿದ ಜಾಗದಲ್ಲೇ ನೀರಿಗೆ ಬಿಟ್ಟು, ದೂಜನಿಗೆ ಕಾಯಲು ಹೇಳಿ ಮನೆಗೆ ಹೋದ.

* * *

ಶನಿವಾರ ಬೆಳಗ್ಗೆ ದೂಜ ಉಂಗುರ ಮೇಲೆತ್ತಿದ. ಬೆಳ್ಳಿ ಮಂಕಾಗಿತ್ತು. ಕಪ್ಪಾಗಿರಲಿಲ್ಲ.

"ಇನ್ನೆಂಥ ಮುಳುಗಿಸುವುದುಂಟು ಸಾರ್? ವಾಚು?"

"ಎಸ್ಟೇಟಿನ ಕಡೆ ಮೂಲೆ ತೋರಿಸು."

ದೂಜ ದೋಣಿಯಲ್ಲಿ ಕರೆದೊಯ್ದ. ಮೂಲೆಯಲ್ಲಿ ನೀರು ಗಂಜಿಯಂತೆ ದಪ್ಪ. ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಶೆಡ್ಡಿನಲ್ಲಿ ಬಡಿದ ಅದೇ ಕೊಳೆತ ಮೊಟ್ಟೆಯ ನಾತ. ತಿರುಮಲೇಶ ಕರವಸ್ತ್ರವನ್ನು ಮೂಗಿಗೆ ಬಿಗಿದು ಕಟ್ಟಿಕೊಂಡ.

"ಮೊನ್ನೆ ಇದಕ್ಕಿಂತ ಕರ್ರಗಿತ್ತು," ಎಂದ ದೂಜ. "ಗುರುವಾರ ಸಂಜೆ. ನನಗೆ ಅದೇ ಆಶ್ಚರ್ಯ."

"ಯಾಕೆ?"

"ಗುರುವಾರ ಎಸ್ಟೇಟಿಗೆ ಕರೆಂಟು ರಜೆ ಅಲ್ಲವಾ. ಎಲ್ಲ ಬಂದ್. ಆಳುಗಳು ಬರುವುದಿಲ್ಲ. ಮತ್ತೆ ನೀರು ಬಿಟ್ಟದ್ದು ಯಾರು?"

ದೂಜ ಜಲ್ಲೆಯಿಂದ ಅಂತರಗಂಗೆಯನ್ನು ಪಕ್ಕಕ್ಕೆ ತಳ್ಳಿದ. ಜಲ್ಲೆ ಟಣ್ ಎಂದಿತು. ನೀರಿನ ಕೆಳಗೆ ಪೈಪಿನ ಬಾಯಿ. ತಿರುಮಲೇಶ ಉಂಗುರವನ್ನು ಅಲ್ಲಿ ಇಳಿಸಿದ. ದೂಜನ ಬೀಡಿ ಮುಗಿಯುವಷ್ಟರಲ್ಲಿ ಮೇಲೆತ್ತಿದ. ಉಂಗುರ ಇದ್ದಿಲಿನಂತಾಗಿತ್ತು.

ಸಾವಂತ್ ಗುದ್ದಲಿ ತರಿಸಿದ. ದಡದಿಂದ ಪೈಪಿನ ಜಾಡು ಹಿಡಿದರು. ಅದು ಚಿಮಣಿಯ ಕಡೆಗೆ ಹೊರಟಿತು. ದೊಡ್ಡ ಕಂಪನಿಯದೇ ಎಂದು ಸಾವಂತ್ ನಕ್ಕ. ಆದರೆ ಪೈಪು ಕಂಪನಿಯ ಗೋಡೆಯನ್ನು ಸುತ್ತಿ ಹಿಂದಿನ ಸಾಲಿಗೆ ತಿರುಗಿತು. ಪಾಪ್ಲಿನ್ ಒಣಗುತ್ತಿದ್ದ ತಂತಿಗಳ ಕೆಳಗೆ ನಿಂತಿತು.

ಗುಂಡಿಯ ಮುಚ್ಚಳ ತೆಗೆಸಿ, ಗಾಳಿ ಹೊರಹೋಗಲು ಬಿಟ್ಟು, ಸಾವಂತ್ ಉದ್ದ ಕೊಕ್ಕೆಯಿಂದ ತಳ ಕೆದಕಿದ. ಕಪ್ಪು ಲೋಳೆಯ ಜೊತೆ ಒಂದು ಬಟ್ಟೆ ಚೂರು ಬಂತು. ತೊಳೆದಾಗ ಅಂಚಿನಲ್ಲಿ ಇನ್ನೂ ಕೆಂಪು ಇತ್ತು.

* * *

ಚಾಳಿನಲ್ಲಿ, ಆಸ್ಪತ್ರೆಯಿಂದ ತಂದ ಕಾಶಪ್ಪನ ದೇಹವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹೂವು, ವಿಭೂತಿ. ಗಂಗುಬಾಯಿ ಕರಡಿಗೆ ಹಿಡಿದು ಪಕ್ಕದಲ್ಲಿದ್ದಳು. ಶೆಟ್ಟೆಪ್ಪ ಊದುಬತ್ತಿ ಹಚ್ಚುತ್ತಿದ್ದ.

"ಶೆಟ್ಟೆಪ್ಪನವರೆ, ಹೊರಗೆ ಬನ್ನಿ," ಎಂದ ತಿರುಮಲೇಶ.

"ಏನಿದ್ರೂ ಇಲ್ಲೇ ಹೇಳ್ರಿ ಸಾಹೇಬ್ರ," ಎಂದಳು ಗಂಗುಬಾಯಿ. "ಕುಡುಕ ಅಂತ ಎಲ್ಲರ ಮುಂದನೇ ಅಂದಾರ. ಅಲ್ಲಂತ ಅನ್ನೂದೂ ಎಲ್ಲರ ಮುಂದನೇ ಆಗ್ಲಿ."

ತಿರುಮಲೇಶ ಬೂಟು ಕಳಚಿ ಒಳಗೆ ಬಂದ.

"ಇವರು ಕೆರೆಯಲ್ಲಿ ಸಾಯಲಿಲ್ಲ. ಚಪ್ಪಲಿಗೆ ಕೆಸರಿಲ್ಲ, ಅಂದರೆ ಅದನ್ನು ಬೇರೆಯವರು ತಂದಿಟ್ಟರು. ಕೆರೆಯಲ್ಲಿ ರಾತ್ರಿಯಿಡೀ ಇಟ್ಟರೂ ಬೆಳ್ಳಿ ಮಂಕಾಗುತ್ತೆ, ಅಷ್ಟೇ. ಕರಡಿಗೆ ಇಷ್ಟು ಕಪ್ಪಾಗಬೇಕಾದರೆ ಗಂಧಕದ ಗುಂಡಿಯೇ ಬೇಕು. ಗುರುವಾರ ಆಳುಗಳಿಲ್ಲ. ಇವರು ಪೈಪಿನ ಜಾಡು ಹಿಡಿದು ನಿಮ್ಮ ಶೆಡ್ಡಿಗೆ ಬಂದರು."

"ಅಂವಾ ತಾನ ಇಳದು ಸತ್ತಿದ್ರ ನಾ ಏನ್ ಮಾಡ್ಲಿ?" ಎಂದ ಶೆಟ್ಟೆಪ್ಪ. ಕೂಡಲೇ ತುಟಿ ಕಚ್ಚಿಕೊಂಡ.

"ಗುಂಡಿಗೆ ಇಳಿದರು ಅಂತ ನಾನು ಹೇಳಲಿಲ್ಲ. ದಸರಾ ಆದಮೇಲೆ ನೋಡೇ ಇಲ್ಲ ಅಂದವರು ನೀವು. ಬರೀ ಇಳಿದಿದ್ದರೆ ಬದುಕುತ್ತಿದ್ದರು. ಗ್ಯಾಸ್ ಬರಬೇಕಾದರೆ ಆಸಿಡ್ ಬೀಳಬೇಕು. ಆಸಿಡ್ಡಿನ ಕೊಳಾಯಿ ತಿರುಗಿಸಲು ಅವತ್ತು ಶೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಆಸಿಡ್ ಬಿಡುವಾಗ ನಾಯಿಯನ್ನೂ ನಿಲ್ಲಗೊಡುವುದಿಲ್ಲ ಅಂತ ನೀವೇ ಹೇಳಿದಿರಿ. ಏನಾಗುತ್ತೆ ಅಂತ ನಿಮಗೆ ಗೊತ್ತಿತ್ತು."

ಊದುಬತ್ತಿಯ ಹೊಗೆ ಮೇಲೇರಿತು.

"ಆಮೇಲೆ ಬಟ್ಟೆ ಗಂಟುಗಳ ಜೊತೆ ಕೈಗಾಡಿಯಲ್ಲಿ ಕೆರೆಗೆ ಸಾಗಿಸಿದಿರಿ. ಬಾಟ್ಲಿ ಇಟ್ಟಿರಿ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಕಣ್ಣುಮುಚ್ಚಿ ಫೈಲು ಮುಚ್ಚುತ್ತಿದ್ದೆ. ಆದರೆ ನೀವು ಕರಡಿಗೆ ಬಿಚ್ಚಿದಿರಿ. ಲಿಂಗ ತೊಳೆದಿರಿ. ಹೊಲಸಾದ ಸೆರಗಿನ ಚೂರು ಗುಂಡಿಗೆ ಎಸೆದು, ತಂತಿಯ ಮೇಲಿನ ಪಾಪ್ಲಿನ್ ಹರಿದು ಸುತ್ತಿದಿರಿ. ಕರಡಿಗೆಯನ್ನೂ ತಿಕ್ಕಿದಿರಿ, ಸಂದಿಯ ಕಪ್ಪು ಹೋಗಲಿಲ್ಲ. ಯಾಕೆ?"

ಶೆಟ್ಟೆಪ್ಪ ಊದುಬತ್ತಿಯನ್ನು ಕೆಳಗಿಟ್ಟ.

"ಬಿಡಾಕ ಹೆಂಗ ಬರ್ತದರಿ," ಎಂದ. "ಲಿಂಗರಿ ಅದು. ಆ ಹೊಲಸಿನ್ಯಾಗ ಹೆಂಗ ಬಿಡ್ಲಿ?" ತಂಗಿಯ ಕಡೆ ನೋಡದೆ ಮುಂದುವರಿಸಿದ. "ಪೈಪ್ ಮುಚ್ಚು ಅಂದ. ಇಲ್ಲಾಂದ್ರ ನೀ ಅದ ನೀರ ಕುಡದು ತೋರಿಸು ಅಂದ. ಬಾಟ್ಲಿ ತುಂಬಾಕ ಗುಂಡ್ಯಾಗ ಇಳದ. ಶೆಡ್ ಬಂದ್ ಆಗಿದ್ರ ಹತ್ತ ಮನಿ ಉಪಾಸ ಬೀಳ್ತಿದ್ವು."

ಗಂಗುಬಾಯಿ ಎದ್ದು ನಿಂತಳು. ದನಿ ಏರಿಸಲಿಲ್ಲ.

"ಹೆಂಡದ ಬಾಟ್ಲಿ ಹಿಡದ ಕೈಲೇ ಲಿಂಗಕ್ಕ ವಿಭೂತಿ ಹಚ್ಚಿದ್ಯಾ ಅಣ್ಣ?"

ಅವನು ಕೈಗಳನ್ನು ಅಂಗಿಗೆ ಒರೆಸಿಕೊಂಡ.

"ನೀ ಕ್ಯಾನಿನ ನೀರ ಕುಡೀತಿದ್ದಿ. ನಾವು ಬಾವಿ ನೀರ ಕುಡದ್ವಿ. ಹಬ್ಬಕ್ಕ ಬಂದಾಗ ನಮ್ಮ ಮನ್ಯಾಗ ನೀರ ಮುಟ್ಟತಿರ್ಲಿಲ್ಲ ನೀ. ಹೊಟ್ಟಿ ಸರಿ ಇಲ್ಲ ಅಂತಿದ್ದಿ. ನಾ ನಿಂಬಿ ಶರಬತ್ ಮಾಡ್ಲೇನಂತ ಕೇಳ್ತಿದ್ದೆ."

ಸಾವಂತ್ ಶೆಟ್ಟೆಪ್ಪನ ರಟ್ಟೆ ಹಿಡಿದ. ಬಾಗಿಲಲ್ಲಿ ನಿಂತವರು ದಾರಿ ಬಿಟ್ಟರು. ಒಬ್ಬ ಮುದುಕ ಬಾವಿಯ ಕಡೆ ತಿರುಗಿ ಉಗುಳಿದ. ಯಾರ ಮೇಲೆ ಉಗುಳಬೇಕೆಂದು ಅವನಿಗೆ ಗೊತ್ತಾದಂತಿರಲಿಲ್ಲ.

ಹಾಲವ್ವ ವಿಭೂತಿ ಗಟ್ಟಿ ತಂದಳು. "ಕೊಡವ್ವಾ, ಕರಡಗಿ ತಿಕ್ಕಿಕೊಡ್ತೀನಿ. ಬೆಳ್ಳಗಾಗಲಿ. ಹಂಗ ಕಳಸೂದು ಚಂದಲ್ಲ."

ಗಂಗುಬಾಯಿ ಕೊಡಲಿಲ್ಲ. ಪಾಪ್ಲಿನ್ ಚೂರನ್ನು ಬಿಚ್ಚಿ ಹೊರಗೆ ಎಸೆದಳು. ಪೆಟ್ಟಿಗೆಯಿಂದ ಅದೇ ಇಳಕಲ್ ಸೀರೆ ತೆಗೆದು ಸೆರಗಿನ ಇನ್ನೊಂದು ತುದಿ ಹರಿದಳು. ಲಿಂಗಕ್ಕೆ ಸುತ್ತಿದಳು. ಮುಚ್ಚಳ ಹಾಕಿ, ತನ್ನದೇ ಗಂಟು ಹಾಕಿ, ಗಂಡನ ಕೊರಳಿಗೆ ಕಟ್ಟಿದಳು.

"ಕರ್ರಗ ಇರ್ಲಿ ಬಿಡವ್ವಾ," ಎಂದಳು. "ಅವ್ರು ಕುಡದು ಸತ್ತಿಲ್ಲಂತ ಹೇಳಿದ್ದು ಅದ."